ಎರಡು ಸೂಟು, ಒಂದೇ ಜೀವ

2021ರ ಫೆಬ್ರುವರಿ 20. ಉತ್ತರಾಖಂಡದ ಚಮೋಲಿ ಜಿಲ್ಲೆ. ಸುಮಾರು 14,000 ಅಡಿ ಎತ್ತರದಲ್ಲಿ ಹೆಲಿಕಾಪ್ಟರೊಂದು ನಿಂತಲ್ಲೇ ಗುಡುಗುತ್ತಿದೆ. ಕೆಳಗೆ ಒಂದು ಸರೋವರ. ಎರಡು ವಾರದ ಹಿಂದೆ ಅದು ಅಲ್ಲಿರಲೇ ಇಲ್ಲ.

ಫೆಬ್ರುವರಿ 7ರಂದು ಬೆಟ್ಟದ ಬಂಡೆ, ಮಂಜು ಒಟ್ಟಿಗೇ ಕಳಚಿ ಬಿದ್ದಿದ್ದವು. ಪ್ರವಾಹ ಕಣಿವೆಯನ್ನು ಗುಡಿಸಿ ಹಾಕಿತ್ತು. ಕಲ್ಲುಮಣ್ಣಿನ ರಾಶಿ ರಿಷಿಗಂಗಾ ನದಿಗೆ ಅಡ್ಡ ಬಿತ್ತು, ಅದರ ಹಿಂದೆ ನೀರು ಕಟ್ಟಿತು. ಆ ಮಣ್ಣಿನ ಗೋಡೆ ಎಷ್ಟು ಒತ್ತಡ ತಾಳೀತು? ಲೆಕ್ಕ ಹಾಕಲು ಆಳ ಗೊತ್ತಾಗಬೇಕು. ಆಳ ಗೊತ್ತಾಗಬೇಕಾದರೆ ಯಾರಾದರೂ ಇಳಿಯಲೇಬೇಕು.

ನೌಕಾಪಡೆಯ ಮುಳುಗುಗಾರರು ಇಳಿದರು. ಹೆಲಿಕಾಪ್ಟರಿನಿಂದ ಜೋತುಬಿದ್ದು, ಕೈಯಲ್ಲಿ ಪುಟ್ಟ ಎಕೋ ಸೌಂಡರ್ ಹಿಡಿದು, ಹೆಪ್ಪುಗಟ್ಟುವ ಹಂತದಲ್ಲಿದ್ದ ನೀರಿಗೆ ಕಾಲಿಟ್ಟರು. ಆಳ ಅಳೆದರು, ಬರೆದುಕೊಂಡರು, ಮೇಲೇರಿದರು. ವಿಜ್ಞಾನಿಗಳ ಕೈಗೆ ಅಂಕಿಗಳು ಸಿಕ್ಕವು.

ಅಂಥ ನೀರಿಗೆ ಸಾದಾ ಬಟ್ಟೆಯಲ್ಲಿ ಬಿದ್ದವನಿಗೆ ಉಳಿಯುವ ಸಮಯ ಎಷ್ಟು?

ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೊಂದು ಸೂತ್ರ ಕಟ್ಟಿದ್ದಾರೆ: 1-10-1. ಮೊದಲ ಒಂದು ನಿಮಿಷ ಉಸಿರಿನ ಕಾಳಗ. ಎದೆ ಬಿಗಿಯುತ್ತದೆ, ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ. ಆ ಕ್ಷಣದಲ್ಲಿ ಮುಖ ನೀರೊಳಗಿದ್ದರೆ ಕತೆ ಮುಗಿಯಿತು. ಮುಂದಿನ ಹತ್ತು ನಿಮಿಷ ಮಾತ್ರ ಕೈಕಾಲು ಹೇಳಿದ ಮಾತು ಕೇಳುತ್ತವೆ. ಆಮೇಲೆ ಬೆರಳು ಮಡಚದು, ಹಗ್ಗ ಹಿಡಿಯದು. ಒಂದು ಗಂಟೆಯ ಸುಮಾರಿಗೆ ದೇಹದ ಒಳತಾಪ ಇಳಿದು ಪ್ರಜ್ಞೆ ಜಾರುತ್ತದೆ.

ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ದೇಹದ ಶಾಖ ಎಳೆದುಕೊಳ್ಳುತ್ತದೆ. ಆ 1-10-1ರ ಗಡಿಯಾರ ನಿಲ್ಲಿಸಲು ದಾರಿ ಒಂದೇ: ನೀರು ಮೈಗೆ ತಾಗಲೇಬಾರದು. ಅದಕ್ಕೆ ಹುಟ್ಟಿದ್ದು ಡ್ರೈಸೂಟ್. ಡ್ರೈಸೂಟಿನಲ್ಲಿ ಎರಡು ಜಾತಿ. ತಪ್ಪು ಜಾತಿ ಆರಿಸಿದರೆ ಗಡಿಯಾರ ಮತ್ತೆ ಓಡಲು ಶುರು.

ಈ ಮಾತನ್ನು ಗುಜರಾತಿನಲ್ಲಿ ಕೂತು ಯೋಚಿಸಿ ನೋಡಿ. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದಿತ್ತು. ಸೂರತ್ತಿನ ಪಕ್ಕದ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಕೆಲವೆಡೆ 10 ಮೀಟರ್ ದಾಟುತ್ತದೆ. ನೀರೆಲ್ಲ ಕೆಸರು, ಒಳಗಿಳಿದವನಿಗೆ ತನ್ನ ಅಂಗೈ ಕಾಣದು. ವಡೋದರಾದ ಸುತ್ತ ಸಮುದ್ರವೇ ಇಲ್ಲ. ಆದರೂ ಹಜೀರಾದ ಕಾರ್ಖಾನೆಗಳಲ್ಲಿ, ಕೊಯಲಿಯ ರಿಫೈನರಿಯಲ್ಲಿ, ಅಹಮದಾಬಾದಿನ ಇಸ್ರೊ ಕೇಂದ್ರದಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರು ಮುರುಡೇಶ್ವರದ ನೇತ್ರಾಣಿಯಲ್ಲೋ ದ್ವಾರಕೆಯ ಬಳಿಯ ಶಿವರಾಜಪುರದಲ್ಲೋ ಒಮ್ಮೆ ಮುಳುಗಿದರೆಂದರೆ ಮುಗಿಯಿತು. ಮುಂದಿನ ಕನಸು ಐಸ್‌ಲ್ಯಾಂಡು, ನಾರ್ವೆ.

ಗುಜರಾತಿನ ನೀರಿಗೆ ಕನ್ನಡಿಗರು ಹೊಸಬರೂ ಅಲ್ಲ. ಶಿಕಾರಿಪುರ ರಂಗನಾಥ ರಾವ್, ಪುರಾತತ್ವ ಲೋಕದ ಎಸ್.ಆರ್. ರಾವ್, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಬರೋಡಾದ ಪುರಾತತ್ವ ಇಲಾಖೆಗೆ ಬಂದವರು. 1950ರ ದಶಕದಲ್ಲಿ ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಲೋಥಲ್ ಅಗೆದರು; 200 ಮೀಟರಿಗೂ ಉದ್ದದ ಇಟ್ಟಿಗೆಯ ಹಡಗುಕಟ್ಟೆ ಎದ್ದು ಬಂತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅರವತ್ತರ ಅಂಚಿನಲ್ಲಿ, 1981ರಲ್ಲಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ಕೇಂದ್ರ ಕಟ್ಟಿದರು. ಅಗೆಯುವ ಕೆಲಸವನ್ನೇ ಸಮುದ್ರದೊಳಕ್ಕೆ ಒಯ್ದರು. ದ್ವಾರಕೆಯ ಅಲೆಗಳಡಿ ಮುಳುಗುಗಾರರು ಕಲ್ಲಿನ ಲಂಗರುಗಳನ್ನು ಹುಡುಕಿದರು.

ದ್ವಾರಕೆಯ ನೀರಿಗೆ ವೆಟ್‌ಸೂಟ್ ಸಾಕು. ಒಳಗೆ ನುಗ್ಗಿದ ತೆಳು ನೀರು ಮೈಶಾಖಕ್ಕೆ ಬೆಚ್ಚಗಾಗಿ ಅಲ್ಲೇ ಕೂರುತ್ತದೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ಈ ಉಪಾಯ ನಡೆಯದು. ಲಾಂಗ್‌ಯೊಕುಟ್ಲ್ ಹಿಮನದಿ ಕರಗಿ, ದಶಕಗಳ ಕಾಲ ಲಾವಾ ಕಲ್ಲಿನೊಳಗೆ ಸೋಸಿ ಬರುವ ನೀರದು. ವರ್ಷವಿಡೀ 2ರಿಂದ 4 ಡಿಗ್ರಿ. ನೂರು ಮೀಟರ್ ದೂರದ ಬಂಡೆ ಕಣ್ಣಿಗೆ ಕಾಣುತ್ತದೆ. ಒಂದು ಬದಿಗೆ ಉತ್ತರ ಅಮೆರಿಕದ ಭೂಫಲಕ, ಇನ್ನೊಂದು ಬದಿಗೆ ಯುರೇಷ್ಯಾದ್ದು. ನಡುವೆ ನೀವು. ಡ್ರೈಸೂಟ್ ಇಲ್ಲದೆ ಸ್ಕೂಬಾ ಇಳಿಯಲು ಅಲ್ಲಿ ಬಿಡುವುದಿಲ್ಲ.

ಯಾವ ಡ್ರೈಸೂಟ್? ಇಲ್ಲಿಂದ ಜಗಳ ಶುರು.

ಮೊದಲನೆಯದು ನಿಯೋಪ್ರೀನ್: ಸಾವಿರಾರು ಅನಿಲದ ಗುಳ್ಳೆ ತುಂಬಿದ ರಬ್ಬರಿನ ನೊರೆ. ದಪ್ಪ, ಮೆತ್ತಗೆ, ಮೈಗಂಟುವಂಥದ್ದು. ಎರಡನೆಯದು ಮೆಂಬ್ರೇನ್: ಎರಡು ಬಟ್ಟೆಯ ನಡುವೆ ರಬ್ಬರಿನ ತೆಳು ಪದರ ಒತ್ತಿ ಕೂರಿಸಿದ ಹಾಳೆ. ಮೂರು ಪದರದ್ದಕ್ಕೆ ಟ್ರೈಲ್ಯಾಮಿನೇಟ್ ಎನ್ನುತ್ತಾರೆ. ಹೊರಗೆ ಸಾಮಾನ್ಯವಾಗಿ ನೈಲಾನು ಅಥವಾ ಪಾಲಿಯೆಸ್ಟರು, ಸೂರತ್ತಿನ ಮಗ್ಗಗಳು ಹಗಲಿರುಳು ನೇಯುವ ನೂಲುಗಳೇ. ತೆಳು, ಸಡಿಲ, ಹಗುರ. ಸ್ವತಃ ಬೆಚ್ಚಗಿಡುವ ಶಕ್ತಿ ಹೆಚ್ಚುಕಡಿಮೆ ಸೊನ್ನೆ.

ವಿಚಿತ್ರ ನೋಡಿ, ಎದುರಾಳಿಗಳಿಬ್ಬರ ಮೂಲ ಒಂದೇ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರದರ್ಸ್ ಎಂಬ ರಸಾಯನ ವಿಜ್ಞಾನಿಯ ತಂಡ 1930ರಲ್ಲಿ ನಿಯೋಪ್ರೀನ್ ರಬ್ಬರ್ ತಯಾರಿಸಿತು. 1935ರಲ್ಲಿ ಅದೇ ತಂಡ ನೈಲಾನ್ ಎಳೆಯಿತು. ಕ್ಯಾರದರ್ಸ್ 1937ರಲ್ಲಿ ತೀರಿಕೊಂಡರು. ತಮ್ಮ ಎರಡು ವಸ್ತುಗಳು ಮಂಜಿನಡಿಯಲ್ಲಿ ಜೀವ ಕಾಯುವುದನ್ನು ಅವರು ನೋಡಲಿಲ್ಲ.

1952ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ನೊರೆಯಿಂದ ವೆಟ್‌ಸೂಟ್ ರೂಪಿಸಿದರು. 1960ರ ದಶಕದಲ್ಲಿ ಸ್ವೀಡನ್ನಿನ ಪೊಸೈಡನ್ ಕಂಪನಿ ಅದೇ ನೊರೆಗೆ ನೀರು ಬಿಡದ ಜಿಪ್ ಹೊಲಿದು, ಗಾಳಿ ತುಂಬುವ ವ್ಯವಸ್ಥೆ ಜೋಡಿಸಿ ‘ಯೂನಿಸೂಟ್’ ಹೊರತಂದಿತು. ಉತ್ತರದ ಸಮುದ್ರಗಳ ಬಾಗಿಲು ತೆರೆಯಿತು. ಬಾಗಿಲಾಚೆ ಆಳ ಕಾದಿತ್ತು. ಆಳಕ್ಕೆ ನೊರೆಯ ಗುಟ್ಟು ಗೊತ್ತಿತ್ತು.

ನಿಯೋಪ್ರೀನ್ ತೊಟ್ಟು ಇಳಿಯೋಣ. ನೀರಿನ ಮಟ್ಟದಲ್ಲಿ 7 ಮಿಲಿಮೀಟರ್ ದಪ್ಪ. ಗುಳ್ಳೆಗಳೆಲ್ಲ ಉಬ್ಬಿವೆ, ಮೈ ಬೆಚ್ಚಗಿದೆ. 10 ಮೀಟರಿಗೆ ಒತ್ತಡ ದುಪ್ಪಟ್ಟು. ಗುಳ್ಳೆಗಳು ಕುಗ್ಗುತ್ತವೆ. 30 ಮೀಟರಿಗೆ ನಾಲ್ಕು ಪಟ್ಟು. ಗುಳ್ಳೆಯೊಳಗಿನ ಅನಿಲ ಕಾಲುಭಾಗದತ್ತ ಕುಸಿಯುತ್ತದೆ. ರಬ್ಬರಿನ ಗೋಡೆಗಳಷ್ಟೇ ಅಡ್ಡ ನಿಲ್ಲುತ್ತವೆ. ಸೂಟು ತೆಳುವಾಗುತ್ತದೆ. ತೇಲುವ ಶಕ್ತಿ ಉಡುಗುತ್ತದೆ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸ ಕೆಳಗೆಳೆಯುತ್ತದೆ. ಹೊರಗೆ ಚಳಿ ಹೆಚ್ಚುತ್ತಿರುವಾಗಲೇ ಕವಚ ಸಣಕಲಾಗುತ್ತದೆ.

ತಯಾರಕರು ಸೋಲಲಿಲ್ಲ. ನೊರೆಯನ್ನು ಕಾರ್ಖಾನೆಯಲ್ಲೇ ಭಾರಿ ಒತ್ತಡದಲ್ಲಿ ಜಜ್ಜಿಬಿಟ್ಟರು. ಕ್ರಶ್ಡ್ ನಿಯೋಪ್ರೀನ್! ಮೊದಲೇ ಕುಗ್ಗಿದ್ದು ಆಳದಲ್ಲಿ ಇನ್ನೆಷ್ಟು ಕುಗ್ಗೀತು? ಬೆಚ್ಚಗಿಡುವ ಶಕ್ತಿ ಸ್ವಲ್ಪ ಹೋಯಿತು, ಗಟ್ಟಿತನ ಬಂತು. ಚೂಪು ಬಂಡೆ, ತುಕ್ಕುಹಿಡಿದ ಹಡಗಿನ ತಗಡು, ಯಾವುದಕ್ಕೂ ಜಗ್ಗದು. ತೂಕ ಮಾತ್ರ ಹೆಗಲು ಜಗ್ಗಿಸುತ್ತದೆ.

ಈಗ ಮೆಂಬ್ರೇನ್ ತೊಡಿ. ಒಳಗೆ ಉಣ್ಣೆ ಅಥವಾ ಫ್ಲೀಸಿನ ದಪ್ಪ ಒಳಉಡುಪು. ಹತ್ತಿ ಬನಿಯನ್ ಮಾತ್ರ ಬೇಡವೇ ಬೇಡ, ಬೆವರು ಹೀರಿ ತಣ್ಣಗೆ ಮೈಗಂಟಿಕೊಳ್ಳುತ್ತದೆ. ಕತ್ತಿನ ಲೇಟೆಕ್ಸ್ ಪಟ್ಟಿಗೆ ಟಾಲ್ಕ್ ಪುಡಿ ಉಜ್ಜಿ, ಎರಡೂ ಕೈಯಿಂದ ಹಿಗ್ಗಿಸಿ ತಲೆ ತೂರಿಸಿ. ಕಿವಿ ಮಡಚುತ್ತದೆ, ಕಣ್ಣಿಗೆ ಕತ್ತಲೆ, ಉಸಿರು ಕಟ್ಟುತ್ತದೆ. ತಲೆ ಹೊರಬರುತ್ತದೆ. ಜಿಪ್ಪಿನ ಹಲ್ಲಿಗೆ ಮೇಣ ಸವರಿ ಕೊನೆಯವರೆಗೂ ಎಳೆಯಿರಿ. ಕೊನೆಯವರೆಗೂ! ಒಂದೇ ಒಂದು ಹಲ್ಲು ತೆರೆದಿದ್ದರೂ ಸಾಕು, ಆ ತೂತಿನಲ್ಲಿ ಇಡೀ ಸಮುದ್ರ ಒಳಬರುತ್ತದೆ.

ಆಳಕ್ಕೆ ಇಳಿದಂತೆ ಒಳಗಿನ ಗಾಳಿ ಕುಗ್ಗುತ್ತದೆ, ಸೂಟು ಮೈಯನ್ನು ಹಿಂಡುತ್ತದೆ, ಮಡಿಕೆಗಳು ಚರ್ಮ ಚಿವುಟುತ್ತವೆ. ಎದೆಯ ಗುಂಡಿ ಒತ್ತಿ. ಸಿಲಿಂಡರಿನ ಗಾಳಿ ಒಳನುಗ್ಗಿ ಒಳಉಡುಪು ಮತ್ತೆ ಉಬ್ಬುತ್ತದೆ. ಇನ್ನೂ ಆಳ, ಇನ್ನೊಂದು ಒತ್ತು. ಮೆಂಬ್ರೇನಿನ ಗೆಲುವು ಇಲ್ಲಿದೆ: ಗುಳ್ಳೆಗಳೇ ಇಲ್ಲದ ಹಾಳೆ ಕುಗ್ಗುವ ಪ್ರಶ್ನೆಯೇ ಇಲ್ಲ. ಗಾಳಿ ಕೊಡುತ್ತಿದ್ದರೆ 5 ಮೀಟರಿನಲ್ಲಿ ಸಿಕ್ಕ ಬೆಚ್ಚನೆ ಬಹುಮಟ್ಟಿಗೆ 50 ಮೀಟರಿನಲ್ಲೂ ಸಿಗುತ್ತದೆ.

ಆದರೆ ಅದೇ ಗಾಳಿ ತಿರುಗಿಬಿದ್ದರೆ?

ತಲೆ ಕೆಳಗಾಗಿ ಬಂಡೆಯಡಿ ಇಣುಕುತ್ತೀರಿ. ಗಾಳಿ ಸರ್ರನೆ ಕಾಲಿನತ್ತ ಓಡುತ್ತದೆ. ಬೂಟು ಉಬ್ಬುತ್ತದೆ. ಕಾಲು ಮೇಲೆ, ತಲೆ ಕೆಳಗೆ, ದೇಹ ಏರತೊಡಗುತ್ತದೆ. ಗಾಳಿ ಹೊರಬಿಡುವ ವಾಲ್ವ್ ಇರುವುದು ಎಡತೋಳಿನಲ್ಲಿ. ಅದೀಗ ಗಾಳಿಗಿಂತ ಕೆಳಗಿದೆ, ಕೆಲಸ ಮಾಡದು. ಏರಿದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗ. ಮಂಡಿ ಎದೆಗೆ ಸೆಳೆಯಬೇಕು, ಲಾಗ ಹೊಡೆಯಬೇಕು, ಎಡತೋಳು ಎತ್ತಬೇಕು. ಇಷ್ಟಕ್ಕೂ ಇರುವುದು ಕೆಲವೇ ಸೆಕೆಂಡು. ಮೈಗಂಟುವ ನಿಯೋಪ್ರೀನಿನಲ್ಲಿ ಗಾಳಿಗೆ ಓಡಾಡಲು ಜಾಗ ಕಡಿಮೆ. ಹೊಸಬರು ಅದನ್ನು ಇಷ್ಟಪಡುವುದು ಇದಕ್ಕೇ.

ಇನ್ನು ನಿಜವಾದ ಪರೀಕ್ಷೆ. ಸೂಟು ಹರಿಯುತ್ತದೆ. ಜಿಪ್ ಬಿಟ್ಟುಕೊಳ್ಳುತ್ತದೆ. ನೀರು ನುಗ್ಗುತ್ತದೆ.

ನಿಯೋಪ್ರೀನ್ ಒದ್ದೆಯಾದರೂ ಕೈಬಿಡದು. ಅದರ ಗುಳ್ಳೆಗಳು ರಬ್ಬರಿನೊಳಗೇ ಬಂದಿ. ದಪ್ಪ ವೆಟ್‌ಸೂಟಿನ ಹಾಗೆ ಒಂದಷ್ಟು ಶಾಖ ಹಿಡಿದಿಡುತ್ತದೆ, ಒಂದಷ್ಟು ತೇಲಿಸುತ್ತದೆ. ಮೆಂಬ್ರೇನ್ ಒದ್ದೆಯಾದರೆ ಒಳಉಡುಪಿನ ಗಾಳಿ ಮಾಯ, ಶಾಖ ಮಾಯ, ತೇಲುವ ಬಲ ಮಾಯ. ನೀರೊಳಗೆ ಆ ನೀರಿಗೆ ತೂಕವಿಲ್ಲ, ನಿಜ. ದೋಣಿಯ ಏಣಿಗೆ ಕಾಲಿಟ್ಟಾಗ ಗೊತ್ತಾಗುತ್ತದೆ: ಎರಡೂ ಕಾಲುಗಳಲ್ಲಿ ಬಕೆಟ್‌ಗಟ್ಟಲೆ ನೀರು. ಬೆರಳು ಆಗಲೇ ಮರಗಟ್ಟಿವೆ. 1-10-1ರ ಗಡಿಯಾರ ಓಡುತ್ತಿದೆ.

ದಾರಿಯೇ ಮುಚ್ಚಿಹೋದರೆ ಏನಾಗುತ್ತದೆ ಎನ್ನುವುದಕ್ಕೆ ಬಿ-15 ಸಾಕ್ಷಿ. 2000ದ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕಾದ ರಾಸ್ ಹಿಮಚಾಚಿನಿಂದ ಕಳಚಿಕೊಂಡ ಮಂಜುಗಡ್ಡೆಯದು. ಉದ್ದ ಸುಮಾರು 295 ಕಿಲೋಮೀಟರ್. ಅಹಮದಾಬಾದಿನಿಂದ ರಸ್ತೆ ಹಿಡಿದು ವಡೋದರಾ ದಾಟಿ ಸೂರತ್ ತಲುಪಿದರೂ ಆ ಗಡ್ಡೆ ಮುಗಿಯುವುದಿಲ್ಲ! ಮರುವರ್ಷ ಕೆನಡಾದ ಜಿಲ್ ಹೈನರ್ತ್ ತಮ್ಮ ತಂಡದೊಂದಿಗೆ ಅಲ್ಲಿಗೆ ಹಡಗು ಬಿಟ್ಟರು. ಹಿಮಗಡ್ಡೆಯ ಹೊಟ್ಟೆಯೊಳಗಿನ ಗುಹೆಗಳಿಗೆ ನುಗ್ಗಿದರು. ಉಪ್ಪುನೀರು ಸೊನ್ನೆಗಿಂತಲೂ ಕೆಳಗೆ, ಹೆಪ್ಪುಗಟ್ಟುವ ಅಂಚಿನಲ್ಲಿ.

ಹೊರಡುವ ಹೊತ್ತಿಗೆ ಪ್ರವಾಹ ತಿರುಗಿತು. ಎಷ್ಟು ಕಾಲು ಬಡಿದರೂ ಮುಂದೆ ಸಾಗದು. ಮಂಜಿನ ಗೋಡೆ ನುಣುಪು, ಹಿಡಿಯಲು ಏನೂ ಇಲ್ಲ. ಆಗ ಕಣ್ಣಿಗೆ ಬಿದ್ದವು ಪುಟ್ಟ ಮೀನುಗಳು ಮಂಜಿನಲ್ಲಿ ಕೊರೆದುಕೊಂಡಿದ್ದ ಬಿಲಗಳು. ಒಂದೊಂದು ತೂತಿಗೂ ಬೆರಳು ತೂರಿಸಿ, ದೇಹ ಎಳೆದು, ಮುಂದಿನ ತೂತು ಹುಡುಕಿ, ಗೋಡೆ ಹತ್ತಿದರು. ಯೋಜಿಸಿದ್ದಕ್ಕಿಂತ ಎಷ್ಟೋ ಹೊತ್ತು ಮೀರಿ ಹೊರಬಂದರು. ಆಮೇಲೆ ಆ ಗುಹೆಗಳಿದ್ದ ಹಿಮವೇ ಒಡೆದು ಚೂರಾಯಿತು.

ಪ್ರವಾಹ ಹೇಳಿ ಕೇಳಿ ಬರುವುದಿಲ್ಲ. ಒಂದು ಗಂಟೆಯ ಲೆಕ್ಕದಲ್ಲಿ ಬಟ್ಟೆ ತೊಟ್ಟವನಿಗೆ ಎರಡನೇ ಗಂಟೆ ಸಾಲವಾಗಿ ಸಿಗದು.

ನಾರ್ವೆಯ ಪ್ಲೂರಾ ಗುಹೆ ಇನ್ನೂ ಕ್ರೂರಿ. 2014ರ ಫೆಬ್ರುವರಿ 6. ಫಿನ್‌ಲ್ಯಾಂಡಿನ ಐವರು ಹೆಪ್ಪುಗಟ್ಟಿದ ಕೊಳದ ಮಂಜು ಕೊರೆದು ಇಳಿದರು. ಗುಹೆಯ ಆ ತುದಿಯಿಂದ ಹೊರಬೀಳುವುದು ಗುರಿ. ನಡುವೆ 130 ಮೀಟರ್ ಸಮೀಪದ ಆಳ. ಅಲ್ಲಿ ಮೇಲ್ಮೈಗಿಂತ 14 ಪಟ್ಟು ಒತ್ತಡ. ಇಕ್ಕಟ್ಟಿನಲ್ಲಿ ಒಬ್ಬರು ಸಿಕ್ಕಿಕೊಂಡರು, ಉಸಿರು ನಿಂತಿತು. ಇನ್ನೊಬ್ಬರೂ ಮಡಿದರು.

ಬದುಕಿದವರು ನೇರ ಮೇಲೇಳುವಂತಿಲ್ಲ. ಎದ್ದರೆ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಕೊಲ್ಲುತ್ತದೆ. ಗೆಳೆಯರ ಸಾವು ಕಂಡ ಕಣ್ಣಲ್ಲೇ, ಹಿಮದಷ್ಟು ತಣ್ಣನೆಯ ನೀರಿನಲ್ಲಿ, ಗಂಟೆಗಟ್ಟಲೆ ಹಂತಹಂತವಾಗಿ ಕಾದರು. ಬ್ರಿಟನ್ನಿನ ನುರಿತ ಗುಹಾ ಮುಳುಗುಗಾರರು ಬಂದು, ನೋಡಿ, ಶವ ತೆಗೆಯುವುದು ಅತಿ ಅಪಾಯವೆಂದು ಕೈಚೆಲ್ಲಿದರು. ಪೊಲೀಸರು ಗುಹೆಗೆ ನಿರ್ಬಂಧ ಹಾಕಿದರು. ಮಾರ್ಚ್‌ನಲ್ಲಿ ಗೆಳೆಯರೇ ಗುಟ್ಟಾಗಿ ಮರಳಿ ಬಂದು, ಅದೇ ಆಳಕ್ಕೆ ಇಳಿದು, ಇಬ್ಬರನ್ನೂ ಹೊರತಂದರು.

14 ಪಟ್ಟು ಒತ್ತಡದಲ್ಲಿ ಸಾದಾ ನೊರೆ ನಿಯೋಪ್ರೀನ್ ಚಪ್ಪಟೆ. ಅಂಥ ಆಳಕ್ಕೆ ಹೋಗುವವರು ಹೆಚ್ಚಾಗಿ ಮೆಂಬ್ರೇನ್ ಹಿಡಿಯುತ್ತಾರೆ: ಒಳಗೆ ಪದರದ ಮೇಲೆ ಪದರ, ಕೆಲವೊಮ್ಮೆ ಬ್ಯಾಟರಿಯಿಂದ ಕಾಯುವ ಅಂಗಿ, ಸೂಟಿಗೆ ತುಂಬಲು ಗಾಳಿಗಿಂತ ನಿಧಾನವಾಗಿ ಶಾಖ ಬಿಡುವ ಆರ್ಗಾನ್ ಅನಿಲದ ಪುಟ್ಟ ಸಿಲಿಂಡರ್. ಮೂತ್ರಕ್ಕೂ ಒಂದು ಕೊಳವೆ, ಒಂದು ವಾಲ್ವ್! ನಗಬೇಡಿ. ಆರು ಗಂಟೆ ನೀರಲ್ಲಿ ನಿಂತವರಿಗೆ ಅದು ವಜ್ರಕ್ಕಿಂತ ಬೆಲೆಯದು.

ಹಾಗಾದರೆ ದುಬಾರಿ ಸೂಟು ಕೊಂಡರೆ ಬಚಾವೇ? ಅಮೆರಿಕದ ಮೊಂಟಾನಾ ರಾಜ್ಯದ ಮೆಕ್‌ಡೊನಾಲ್ಡ್ ಸರೋವರದ ಉತ್ತರ ಕೇಳಿ. 2020ರ ನವೆಂಬರ್ 1. ಹದಿನೆಂಟರ ವಿದ್ಯಾರ್ಥಿನಿ ತರಬೇತಿಯ ಭಾಗವಾಗಿ ಡ್ರೈಸೂಟ್ ತೊಟ್ಟು ಇಳಿದಳು. ಸೂಟಿಗೆ ಗಾಳಿ ತುಂಬುವ ಹೋಸ್ ಜೋಡಿಸಿಯೇ ಇರಲಿಲ್ಲ. ಮೈಮೇಲೆ ಸುಮಾರು 20 ಕಿಲೋ ಸೀಸ. ಇಳಿದಂತೆ ಸೂಟು ಹಿಂಡಿತು, ಎದೆ ಬಿಗಿಯಿತು, ಕೈ ಆಡದಾಯಿತು. ಜತೆಗಿದ್ದ ಮುಳುಗುಗಾರನೊಬ್ಬ ಆಳಕ್ಕೆ ಧುಮುಕಿ ಬಿಡಿಸಲು ಹೆಣಗಿದ. ಆಗಲಿಲ್ಲ. ಆಕೆ ಬರಲಿಲ್ಲ.

ಸೂಟು ಸರಿಯಿತ್ತೋ ಇಲ್ಲವೋ, ಒಂದು ಹೋಸಿನ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ. ತೊಡುವುದು ಕಲಿಯದೆ ಕೊಳ್ಳುವುದೆಂದರೆ ಹಣ ಕೊಟ್ಟು ಗಂಡಾಂತರ ತಂದುಕೊಂಡ ಹಾಗೆ.

ಹಾಗಾಗಿ ಗುಜರಾತಿನ ಕನ್ನಡಿಗ ಸಾಹಸಿಯೇ, ಸಾಮಾನು ಕಟ್ಟುವ ಮುನ್ನ ಲೆಕ್ಕ ಹಾಕಿ. ಮೊದಲು ತೂಕ. ಅಹಮದಾಬಾದಿನಿಂದ ವಿಮಾನ ಹತ್ತುವಾಗ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ ಮಿತಿ. ಅದರಲ್ಲೇ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಫಿನ್, ಒಳಉಡುಪು, ಕೈಗವಸು ತುಂಬಬೇಕು. ಮೆಂಬ್ರೇನ್ ಮಡಚಿ ಮೂಲೆಗೆ ತುರುಕಬಹುದು. ನಿಯೋಪ್ರೀನ್ ಪೆಟ್ಟಿಗೆಯ ಹೊಟ್ಟೆಯನ್ನೇ ನುಂಗುತ್ತದೆ.

ಎರಡನೆಯದು ಒಣಗಿಸುವುದು. ಸೂರತ್ತಿನ ಜುಲೈ ತೇವದಲ್ಲಿ ದಪ್ಪ ನಿಯೋಪ್ರೀನ್ ಒಣಗಲು ದಿನಗಟ್ಟಲೆ ಬೇಕು. ಬೂಷ್ಟು ಹಿಡಿಯಲು ಅಷ್ಟೇ ಸಾಕು. ಮೆಂಬ್ರೇನ್ ಒರೆಸಿ ನೇತುಹಾಕಿದರೆ ಕೆಲವು ಗಂಟೆ.

ಮೂರನೆಯದು ಬಿಸಿಲು. ಅಹಮದಾಬಾದಿನ ಮೇ ತಿಂಗಳಲ್ಲಿ ಸೂಟನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟಿರೋ, ಕತ್ತು ಮಣಿಕಟ್ಟಿನ ಲೇಟೆಕ್ಸ್ ಪಟ್ಟಿ ಅಂಟಂಟಾಗಿ ಹರಿಯುತ್ತದೆ. ಶಾಖ, ಬಿಸಿಲು, ಓಜೋನ್ ಮೂರೂ ರಬ್ಬರಿನ ಶತ್ರುಗಳು. ನೆರಳಲ್ಲಿ, ಪುಡಿ ಹಾಕಿ, ಮಡಿಕೆ ಬೀಳದಂತೆ ಸುತ್ತಿಡಿ.

ನಾಲ್ಕನೆಯದು ತೂತು. ಮೆಂಬ್ರೇನಿನ ತೂತು ಮನೆಯಲ್ಲೇ ಸಿಗುತ್ತದೆ. ಜಿಪ್ ಮುಚ್ಚಿ, ಕತ್ತಿಗೂ ಕೈಗಳಿಗೂ ಡಬ್ಬಿ ತುರುಕಿ ಬಿಗಿದು, ಗಾಳಿ ತುಂಬಿ, ಸೋಪಿನ ನೀರು ಸವರಿ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹುಡುಕಿದ ಹಾಗೆ, ಗುಳ್ಳೆ ಎದ್ದಲ್ಲಿ ತೂತು. ಗುರುತು ಹಾಕಿ, ಒಣಗಿಸಿ, ಅಂಟು ಮೆತ್ತಿದರೆ ಸರಿ. ನಿಯೋಪ್ರೀನಿನಲ್ಲಿ ನೀರು ಒಂದು ಕಡೆ ಹೊಕ್ಕು, ನೊರೆಯೊಳಗೆ ಹರಿದು, ಇನ್ನೊಂದು ಕಡೆ ಒಸರುತ್ತದೆ. ಅದನ್ನು ಹಿಡಿಯಲು ತಾಳ್ಮೆ ಬೇಕು, ನುರಿತ ಕೈ ಬೇಕು.

ಇನ್ನೊಂದು ಬಲೆ ಮರೆಯಬೇಡಿ. ಸಿಲಿಂಡರಿನಿಂದ ನುಗ್ಗುವ ಗಾಳಿ ಹಿಗ್ಗುತ್ತಾ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ ರೆಗ್ಯುಲೇಟರಿನಲ್ಲೇ ಮಂಜು ಕಟ್ಟಿ ವಾಲ್ವ್ ತೆರೆದಂತೆಯೇ ಸಿಕ್ಕಿಕೊಳ್ಳುತ್ತದೆ. ಗಾಳಿ ಬುಸುಗುಟ್ಟುತ್ತಾ ಹರಿದು ನಿಮಿಷಗಳಲ್ಲಿ ಸಿಲಿಂಡರ್ ಬರಿದು. ನೇತ್ರಾಣಿಗೆ ಒಯ್ದ ರೆಗ್ಯುಲೇಟರನ್ನೇ ಸಿಲ್ಫ್ರಾಕ್ಕೆ ಒಯ್ಯುವ ಮುನ್ನ ಅದು ಶೀತನೀರಿಗೆ ಮಾಡಿದ್ದೇ ಎಂದು ಕೇಳಿ. ಸೂಟಿಗೆ ಗಾಳಿ ಕೊಡುವಾಗಲೂ ಗುಂಡಿ ಅದುಮಿ ಹಿಡಿಯಬೇಡಿ, ತಟ್ಟಿ ತಟ್ಟಿ ಬಿಡಿ.

ಈಗ ತೀರ್ಪು. 20 ಮೀಟರ್ ಒಳಗೆ, ಒಂದೇ ಊರಿನ ತಣ್ಣೀರಿನಲ್ಲಿ, ಕಲ್ಲುಬಂಡೆಗೆ ಮೈ ಉಜ್ಜುತ್ತಾ ವಾರವಾರ ಮುಳುಗುವವರು ನಿಯೋಪ್ರೀನ್ ಕೊಳ್ಳಲಿ. ಸೂಟು ಹರಿದ ದಿನ ಅದು ಋಣ ತೀರಿಸುತ್ತದೆ. ಸೂರತ್ತಿನಿಂದ, ವಡೋದರಾದಿಂದ, ಅಹಮದಾಬಾದಿನಿಂದ ಪೆಟ್ಟಿಗೆ ಹೊತ್ತು ಒಮ್ಮೆ 2 ಡಿಗ್ರಿಗೆ, ಇನ್ನೊಮ್ಮೆ 12 ಡಿಗ್ರಿಗೆ ಹಾರುವವರು ಮೆಂಬ್ರೇನ್ ಹಿಡಿಯಲಿ. ಸೂಟು ಒಂದೇ, ಒಳಉಡುಪು ಬದಲಿಸಿದರೆ ಋತು ಬದಲು. ಹಣವನ್ನು ಸೂಟಿನ ಬಣ್ಣಕ್ಕಿಂತ ಮೊದಲು ಒಳಉಡುಪಿಗೆ, ಜಿಪ್ಪಿಗೆ, ಒಣ ಕೈಗವಸಿಗೆ ಸುರಿಯಿರಿ.

ಅದಕ್ಕೂ ಮುಂಚೆ ಬಾಡಿಗೆಯ ಸೂಟಿನಲ್ಲಿ, ಬಲ್ಲ ಗುರುವಿನ ಕಣ್ಣೆದುರು, ಈಜುಕೊಳದಲ್ಲಿ ಬೆವರಿ. ತಲೆಕೆಳಗಾಗಿ, ಲಾಗ ಹೊಡೆಯಿರಿ, ಹೋಸ್ ಕಳಚಿ ಮತ್ತೆ ಸಿಕ್ಕಿಸಿ. ಕಣ್ಣು ಮುಚ್ಚಿ, ದಪ್ಪ ಗವಸಿನ ಕೈಯಲ್ಲಿ, ಎಡತೋಳಿನ ವಾಲ್ವ್ ಒಂದೇ ಸಲಕ್ಕೆ ಸಿಗುವ ತನಕ ಬಿಡಬೇಡಿ. ಸಿಕ್ಕಿತೇ? ಹಾಗಾದರೆ ಟಿಕೆಟ್ ಬುಕ್ ಮಾಡಿ.